ತಾತನ ಕೊನೆಯ ಫೋಟೋ

"ಇವರು ತಾತ ಅಲ್ಲ, ಯಾರೋ ನ್ಯೂಸ್ ಓದೋ ಅಂಕಲ್!" ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ತಮ್ಮ ಹೇಳಿದ.

ಚೂಟಿ ಅವನನ್ನು ಪಕ್ಕಕ್ಕೆ ಸರಿಸಿ ಮತ್ತೆ ನೋಡಿದಳು. ತಾತ ತೀರಿಕೊಂಡು ವಾರವಾಗಿತ್ತು. ಗೋಡೆಗೆ ಹಾಕಲು ಅವರ ಫೋಟೋವನ್ನು ಅತ್ತೆ ತನ್ನ ಸ್ಟುಡಿಯೋದಲ್ಲಿ ಬೆಳಿಗ್ಗೆಯಿಂದ ಒಬ್ಬಳೇ ಕೂತು ರೆಡಿ ಮಾಡಿದ್ದಳು. ಫೈಲ್ ತೆರೆದೇ ಇಟ್ಟು, "ಯಾರೂ ಮುಟ್ಟಬೇಡಿ, ಫ್ರೇಮ್ ತಂದು ಪ್ರಿಂಟ್ ತೆಗೀತೀನಿ" ಅಂತ ಹೇಳಿ ಹೋಗಿದ್ದಳು.

ಚೂಟಿಯ ಕೈ ಸುಮ್ಮನಿರಬೇಕಲ್ಲ! ಪಾಸ್‌ಪೋರ್ಟ್ ಫೋಟೋಗಳಲ್ಲಿ ಅತ್ತೆ ಮೊಡವೆ ಅಳಿಸುವುದನ್ನು ನೋಡಿ ನೋಡಿ ಕಲಿತಿದ್ದಳು. ತಾತ ಚೆಂದ ಕಾಣಲಿ ಅಂತ ಹಣೆಯ ಗೆರೆ ಅಳಿಸಿದಳು. ಗದ್ದದ ಮೇಲಿನ ಹಳೇ ಕಲೆ ಅಳಿಸಿದಳು. ಕೂದಲು ಕಪ್ಪು ಮಾಡಿದಳು. ಸೇವ್ ಕೂಡ ಮಾಡಿಬಿಟ್ಟಳು.

"ಅತ್ತೆ ಬರಲಿ, ನಿಂಗೆ ಇದೆ ಹಬ್ಬ!"

"ಬಾಯ್ಮುಚ್ಕೊಂಡಿರೋ! ಫೈಲ್ ಕ್ಲೋಸ್ ಮಾಡಿಲ್ಲ. ಅನ್‌ಡು ಮಾಡ್ತೀನಿ."

ಒತ್ತಿದಳು. ಕೂದಲು ಬೆಳ್ಳಗಾಯಿತು. ಕಲೆ ಬಂತು. ಗೆರೆಗಳೂ ಬಂದವು.

"ಹಾಂ, ತಾತ ಬಂದ್ರು! ಸಾಕು ಕಣೇ."

ಎಲ್ಲಾ ಸರಿಹೋಯಿತೋ ಇಲ್ಲವೋ ಎಂಬ ಗಾಬರಿಯಲ್ಲಿ ಚೂಟಿ ಇನ್ನೂ ಒತ್ತಿದಳು. ಹಿಂದಿನ ನೀಲಿ ಬಣ್ಣ ಹೋಗಿ ದಿಂಬು ಬಂತು, ಮಂಚದ ಕಂಬಿ ಬಂತು. ಬಿಳಿ ಶರಟು ಹೋಗಿ ಆಸ್ಪತ್ರೆಯ ಹಸಿರು ಅಂಗಿ ಬಂತು. ಕೊನೆಗೆ ತಾತನ ಮೂಗಿನಲ್ಲಿ ಒಂದು ನಳಿಗೆ ಬಂತು. ಅದನ್ನು ಕೆನ್ನೆಗೆ ಟೇಪ್ ಹಾಕಿ ಅಂಟಿಸಿದ್ದರು.

"ಅಕ್ಕಾ, ಏನದು?" ತಮ್ಮನ ದನಿ ಸಣ್ಣಗಾಯಿತು.

ಮಕ್ಕಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರಲಿಲ್ಲ. "ತಾತ ಆರಾಮಾಗಿ ಪೇಪರ್ ಓದ್ತಾ ಕೂತಿದ್ರು" ಅಂತ ಅತ್ತೆ ದಿನಾ ಬಂದು ಹೇಳುತ್ತಿದ್ದಳು.

ನಳಿಗೆಯ ನಡುವೆಯೂ ತಾತ ನಗುತ್ತಿದ್ದರು. ಫೋನ್ ಹಿಡಿದವರನ್ನು ನೋಡಿ ನಗುತ್ತಿದ್ದರು.

ಅತ್ತೆಗೆ ತಾತ ಅಪ್ಪ. ಬೆಳಿಗ್ಗೆಯೆಲ್ಲಾ ಅತ್ತೆ ಆ ಕೆನ್ನೆಯ ಮೇಲಿನ ಟೇಪನ್ನು ಚೂರುಚೂರೇ ಅಳಿಸುತ್ತಾ ಕೂತಿದ್ದಳು. ಅದಕ್ಕೇ ಏನೋ, ಚೂಟಿ ಬಾಗಿಲಲ್ಲಿ ಇಣುಕಿದಾಗ ತಿರುಗಿ ನೋಡದೆ "ಆಮೇಲೆ ಬಾ" ಅಂದಿದ್ದು.

ಚೂಟಿ ಈಗ ಮುಂದಕ್ಕೆ ಹೋಗುವ ರೀಡು ಒತ್ತಿದಳು, ಒಂದೊಂದಾಗಿ. ನಳಿಗೆ ಹೋಯಿತು. ಬಿಳಿ ಶರಟು, ನೀಲಿ ಬಣ್ಣ ಬಂದವು. ಅತ್ತೆ ನಿಲ್ಲಿಸಿದ ಜಾಗಕ್ಕೆ ತಾನೂ ನಿಲ್ಲಿಸಿ ಸೇವ್ ಮಾಡಿದಳು.

ಅಷ್ಟರಲ್ಲಿ ಅತ್ತೆ ಫ್ರೇಮ್ ಹಿಡಿದು ಒಳಗೆ ಬಂದಳು. ಇಬ್ಬರ ಮುಖ ನೋಡಿದಳು.

"ಮುಟ್ಟಿದ್ಯಾ?"

"ಹೂಂ. ಮತ್ತೆ ಸರಿ ಮಾಡ್ದೆ."

"ಎಲ್ಲೀವರೆಗೂ ಹಿಂದಕ್ಕೆ ಹೋದೆ?"

"ಶುರುವಿನವರೆಗೂ."

ಅತ್ತೆ ಬೈಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತಳು.

"ಅತ್ತೆ, ಅವತ್ತು ತಾತ ಯಾಕೆ ನಕ್ಕಿದ್ದು?"

"ಸ್ಟುಡಿಯೋ ಇಟ್ಟು ಇಷ್ಟು ವರ್ಷ ಆಯ್ತು, ಇನ್ನೂ ಫೋಟೋ ತೆಗೆಯುವಾಗ ಕೈ ನಡುಗುತ್ತಲ್ಲೇ ನಿಂಗೆ, ಅಂದ್ರು ಅಪ್ಪ."

ಅತ್ತೆ ನಗಲು ಹೋದಳು. ಅರ್ಧಕ್ಕೇ ಮುಖ ಆಚೆ ತಿರುಗಿಸಿದಳು.

ತಮ್ಮ ಇನ್ನೇನೋ ಕೇಳಲು ಬಾಯಿ ತೆರೆದ. ಚೂಟಿ ಅವನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದಳು. ಮೆಟ್ಟಿಲ ಮೇಲೆ ಕೂತು, ಫೋಟೋ ತೆಗೆಸಲು ಬಂದವರಿಗೆ, "ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಅಂದಳು.