ಗಾಳಿಕುದುರೆಯ ಕೊನೆಯ ಭಾಗ

ಬಲು ಹಿಂದೆ ಮುಗುಳಾಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿಯ ಜನಕ್ಕೆ ಚಿತ್ರಕತೆ ಪುಸ್ತಕಗಳೆಂದರೆ ಪ್ರಾಣ. ಹೊಸದು ಬಂದಿದೆ ಅಂತ ಸುದ್ದಿ ಸಿಕ್ಕರೆ ಸಾಕು, ಒಲೆಯ ಮೇಲಿನ ಅನ್ನ ಬಿಟ್ಟು ಅಂಗಡಿಗೆ ಓಡುವವರು! ಅಂಗಡಿಯಿಂದ ಅಂಗಡಿಗೆ ಅಲೆದು, ಧೂಳು ಕುಡಿದು, ಬೇಕಾದ ಭಾಗ ಸಿಕ್ಕಾಗ ಎದೆಗವಚಿಕೊಂಡು ಬರುವ ಆ ಸುಖ ಇದೆಯಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎಲ್ಲಕ್ಕಿಂತ ಹೆಸರಾದದ್ದು ‘ಗಾಳಿಕುದುರೆ’. ಅದರ ಕೊನೆಯ ಭಾಗದಲ್ಲಿ ಮಸಿರಾಯನೆಂಬ ಮಾಂತ್ರಿಕ ಹಲ್ಲಿಯಾಗಿಬಿಡುತ್ತಾನೆ. ತೊಂದರೆ ಏನಪ್ಪಾ ಅಂದರೆ, ಮಸಿರಾಯ ನಿಜವಾಗಿಯೂ ಬೆಟ್ಟದ ಮೇಲೆ ಇದ್ದ! ಅದನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ತಾನೂ ಹಲ್ಲಿಯಾಗುತ್ತೇನೆಂದು ಹೆದರಿ, ಕಾಗೆಗಳನ್ನು ಕಳಿಸಿ ಕೊನೆಯ ಭಾಗದ ಪ್ರತಿಗಳನ್ನೆಲ್ಲ ಕದ್ದು ಸುಟ್ಟ. ಸಾಲದ್ದಕ್ಕೆ, ಹಿಂದಿನ ಭಾಗ ಓದಿದವರು ಅದರೊಳಗೇ ಸಿಕ್ಕಿಬೀಳಲಿ ಅಂತ ಮಂತ್ರ ಹಾಕಿದ.

ಮೊದಲು ಸಿಕ್ಕಿಬಿದ್ದವನು ಪದುಮಿ ಎಂಬ ಹುಡುಗಿಯ ತಮ್ಮ ಬೀರ. ಕೆಂಪಂಗಿ ತೊಟ್ಟುಕೊಂಡು ಪುಟದೊಳಗೆ ನಿಂತಿದ್ದ. ಬಾಯಿ ಆಡಿಸುತ್ತಿದ್ದ, ದನಿ ಮಾತ್ರ ಇಲ್ಲ.

ಪದುಮಿ ಗೋಳೋ ಎಂದು ಅತ್ತಳು. ಆಗ ಆಲದಮರದ ಗೂಬೆಯಜ್ಜಿ ಹೇಳಿತು: “ಅಳಬೇಡ ಮಗಳೇ. ಕೊನೆಯ ಭಾಗ ಹುಡುಕಿ ಗಟ್ಟಿಯಾಗಿ ಓದು. ನಿನ್ನ ತಮ್ಮನ ಬಣ್ಣ ಪೂರ್ತಿ ಮಾಸುವುದರೊಳಗೆ ಓದಬೇಕು. ಮಾಸಿತೋ, ಬರೀ ಹಾಳೆ ಉಳಿಯುತ್ತದೆ.”

ಪದುಮಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು.

ಕಾಡಿನಂಚಿನಲ್ಲಿ ಕರಡಿಯ ಅಂಗಡಿ. “ಪುಕ್ಕಟೆ ಓದೋಕೆ ಇದೇನು ಧರ್ಮಛತ್ರವಾ?” ಅಂತ ಕರಡಿ ಗುರುಗುಟ್ಟಿತು. “ಕಣ್ಣು ಮುಚ್ಚಿ ಮೂಸು. ಯಾವುದು ಹೊಸದು, ಯಾವುದು ಹಳೆಯದು ಹೇಳಿದರೆ ಒಳಗೆ ಬಿಡ್ತೀನಿ.” ಪದುಮಿ ಮೂಸಿ ಮೂಸಿ ಎಲ್ಲವನ್ನೂ ಸರಿಯಾಗಿ ಹೇಳಿದಳು. ಅಂಗಡಿ ಜಾಲಾಡಿದಳು. ಕೊನೆಯ ಭಾಗ ಇಲ್ಲ. ಪುಸ್ತಕ ತೆರೆದರೆ ಬೀರನ ಅಂಗಿ ಗುಲಾಬಿಯಾಗಿತ್ತು. ಅವನು ಕೈಯನ್ನು ಬೆನ್ನ ಹಿಂದೆ ಒಯ್ದು ಏನೋ ತೋರಿಸುತ್ತಿದ್ದ.

“ಬೆನ್ನು ಕಡೀತಿದೆಯೇನೋ? ತಡ್ಕೋ, ಹೊರಗೆ ಬಂದಮೇಲೆ ಕೆರೀತೀನಿ” ಅಂದಳು ಪದುಮಿ.

ನದಿಯ ನಡುವೆ ಆಮೆಯ ಬೆನ್ನ ಮೇಲೆ ಹುಲಿಯ ಅಂಗಡಿ ತೇಲುತ್ತಿತ್ತು. “ಒಂದು ಪುಟದ ಮೂಲೆ ಮಡಚಿದರೂ ನುಂಗಿಬಿಡ್ತೀನಿ” ಅಂದಿತು ಹುಲಿ. ಪದುಮಿ ಹಸುಗೂಸನ್ನು ಎತ್ತಿಕೊಂಡ ಹಾಗೆ ಒಂದೊಂದನ್ನೇ ಎತ್ತಿ ನೋಡಿದಳು. ಹುಲಿಯೇ ಭೇಷ್ ಅಂದಿತು. ಆದರೆ ಕೊನೆಯ ಭಾಗ ಅಲ್ಲೂ ಇಲ್ಲ. ಬೀರ ಮಂಜಿನಷ್ಟು ತೆಳುವಾಗಿದ್ದ. ಮತ್ತೆ ಅದೇ ಬೆನ್ನು! ಪದುಮಿಗೆ ಅಳುವೇ ಬಂತು.

ಉಳಿದದ್ದು ಒಂದೇ, ಅವಳದೇ ಬೀದಿಯ ಚೌಡಜ್ಜಿಯ ಅಂಗಡಿ. ಹೋದರೆ ಬಾಗಿಲಲ್ಲೇ ಮಸಿರಾಯ ಕಾಲು ಚಾಚಿ ಕೂತಿದ್ದ!

“ಬಾಮ್ಮಾ, ಹುಡುಕು. ನನ್ನ ಕಾಗೆಗಳು ಒಂದನ್ನೂ ಬಿಟ್ಟಿಲ್ಲ” ಅಂತ ಗಹಗಹಿಸಿದ.

ಪದುಮಿ ಕೊನೆಯ ಸಲವೆಂಬಂತೆ ಪುಸ್ತಕ ತೆರೆದಳು. ಬೀರನ ಗೆರೆ ಮಾತ್ರ ಉಳಿದಿತ್ತು. ಆ ಗೆರೆಯೂ ಕೈ ಹಿಂದಕ್ಕೆ ಒಯ್ಯುತ್ತಿತ್ತು. ಹಿಂದೆ... ಹಿಂದೆ!

“ಅಯ್ಯೋ ನನ್ನ ಬುದ್ಧಿಗಿಷ್ಟು!” ಅಂತ ಹಣೆ ಚಚ್ಚಿಕೊಂಡಳು.

ಮುಗುಳಾಪುರದ ಮಕ್ಕಳ ಚಾಳಿ ಅದು. ಕೈಯಲ್ಲಿ ಕಾಸಿಲ್ಲದಿದ್ದರೆ, ಬೇರೆಯವರು ಕೊಳ್ಳದಿರಲಿ ಅಂತ ಇಷ್ಟದ ಪುಸ್ತಕವನ್ನು ಯಾರೂ ಮುಟ್ಟದ ಪುಸ್ತಕಗಳ ಹಿಂದೆ ಬಚ್ಚಿಟ್ಟು ಬರುವುದು. ಬೀರನೂ ಅದನ್ನೇ ಮಾಡಿದ್ದ! ಪದುಮಿ ಒಳಗೆ ನುಗ್ಗಿ ‘ಎಮ್ಮೆಯ ಅಜೀರ್ಣಕ್ಕೆ ಮನೆಮದ್ದು’ ಎಂಬ ದಪ್ಪ ಗ್ರಂಥವನ್ನು ಎಳೆದಳು. ಅದರ ಹಿಂದೆ ‘ಗಾಳಿಕುದುರೆ’ಯ ಕೊನೆಯ ಭಾಗ!

“ನನಗೆ ಗೊತ್ತಿತ್ತು ಕಣೇ, ಏನೋ ಒಂದು ಅಲ್ಲಿದೆ ಅಂತ” ಅಂದಳು ಚೌಡಜ್ಜಿ. “ಯಾವುದು ಅಂತ ಇಣುಕಿ ನೋಡಿಲ್ಲ. ಮಕ್ಕಳು ಬಚ್ಚಿಟ್ಟಿದ್ದನ್ನ ನಾನು ಯಾವತ್ತೂ ಮುಟ್ಟೋದಿಲ್ಲ.”

ಮಸಿರಾಯ ಹಾರಿಬಿದ್ದು ಬಂದ. ಅಷ್ಟರಲ್ಲಿ ಪದುಮಿ ಗಂಟಲು ಹರಿಯುವಂತೆ ಓದತೊಡಗಿದ್ದಳು. ಅವಳು ಓದುತ್ತಾ ಹೋದಂತೆ ಅವನು ಗೇಣುದ್ದವಾದ, ಬೆರಳುದ್ದವಾದ, ಬಾಲ ಮೂಡಿ ಗೋಡೆ ಹತ್ತಿದ. ಬೀರ ಕೆಂಪಂಗಿಯ ಸಮೇತ ಪುಟದಿಂದ ಧೊಪ್ಪನೆ ಬಿದ್ದ.

ಪದುಮಿ ಅವನನ್ನು ತಬ್ಬಿಕೊಂಡು ಅತ್ತಳು. ಅವನೂ ಅತ್ತ.

“ಭಯವಾಯಿತೇನೋ ರಾಜಾ?”

“ಅದಕ್ಕಲ್ಲ! ಕೊನೇಲಿ ಏನಾಗುತ್ತೆ ಅಂತ ಪೂರ್ತಿ ಹೇಳಿಬಿಟ್ಟೆಯಲ್ಲೇ ಅಕ್ಕಾ!”

ಚೌಡಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ ಮುಗುಳಾಪುರದ ಪ್ರತಿ ಅಂಗಡಿಯಲ್ಲೂ ದಪ್ಪ ಪುಸ್ತಕಗಳ ಹಿಂದೆ ಒಂದು ಗೇಣು ಜಾಗ ಮಕ್ಕಳಿಗೆಂದೇ ಬಿಡುತ್ತಾರೆ. ಅಕ್ಕ ತಮ್ಮ ಹೊಸ ಪುಸ್ತಕ ಹುಡುಕಿಕೊಂಡು, ಜಗಳವಾಡಿಕೊಂಡು ಸುಖವಾಗಿದ್ದಾರೆ. ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿದರೆ ಗೋಡೆಯ ಕಡೆ ಕಿವಿಗೊಡಿ. ಲೊಚ್ ಲೊಚ್ ಅಂತು ನೋಡಿ, ಮಸಿರಾಯನೇ ಒಪ್ಪಿಕೊಂಡ!