ಈ ವರ್ಷದ ಹಾಡುಗಳೆಲ್ಲಿ?

ಕಾಯುವ ಬೆಂಚಿನ ಮೇಲೆ ಹೆಂಗಸೊಬ್ಬಳು ಕೆನ್ನೆಗೆ ಕೈಯಿಟ್ಟು ಕೂತಿದ್ದಳು. ದವಡೆ ಹಲ್ಲೇ ಇರಬೇಕೆಂದು ಲೆಕ್ಕ ಹಾಕಿ ದಂತವೈದ್ಯ ಅವಳನ್ನು ಒಳಗೆ ಕರೆದ. ಆಕೆ ಕುರ್ಚಿಯ ಹತ್ತಿರವೂ ಸುಳಿಯಲಿಲ್ಲ.

"ಹಲ್ಲಲ್ಲ ಡಾಕ್ಟ್ರೇ, ಮೇಲಿರೋ ಭಾವನವರನ್ನ ನೋಡಬೇಕಿತ್ತು" ಎಂದಳು.

ಭಾವ ಎಂದರೆ ದಂತವೈದ್ಯನ ಅಕ್ಕನ ಗಂಡ. ವಿಮೆ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿದು ಹಿಡಿದು ನಿವೃತ್ತರಾದ ಮೇಲೆ ಕ್ಲಿನಿಕ್ಕಿನ ಮಹಡಿಗೆ ಬಂದು ನೆಲೆಸಿದ್ದರು. ಭಾಮೈದ ಕರೆಯುವುದನ್ನು ಕೇಳಿ ಕೇಳಿ ಇಡೀ ಬೀದಿಗೇ ಭಾವ ಆಗಿಬಿಟ್ಟಿದ್ದರು.

"ನಮ್ಮವರು ರಾಕ್ ಬ್ಯಾಂಡಿನ ಸೌಂಡ್ ಎಂಜಿನಿಯರ್" ಎಂದು ಆಕೆ ಮಹಡಿಯಲ್ಲಿ ಕೂತು ಶುರುಮಾಡಿದಳು. "ಎಲ್ಲ ಬ್ಯಾಂಡಿನವರೂ ತಮ್ಮ ಶೋಗಳನ್ನ ರೆಕಾರ್ಡ್ ಮಾಡಿ ಇಡಲ್ಲ. ಇಟ್ಟವರೂ ಆಮೇಲೆ ಎಲ್ಲಿಟ್ವಿ ಅಂತ ಹುಡುಕ್ತಾರೆ. ಇವರು ಮಾತ್ರ ಮೊದಲನೇ ಶೋದಿಂದ ಒಂದನ್ನೂ ಬಿಟ್ಟಿಲ್ಲ. ನಮ್ಮ ಮದುವೆ ಫೋಟೋನೂ ಅಷ್ಟು ಜೋಪಾನ ಮಾಡಿಲ್ಲ. ಈಗ ಈ ವರ್ಷದ ಶೋಗಳಿದ್ದ ಡಿಸ್ಕು ಬೀರುವಿನಿಂದ ಕಾಣೆಯಾಗಿದೆ. ಇವರೇ ಮಾರ್ಕೊಂಡಿದ್ದಾರೆ ಅಂತ ಮ್ಯಾನೇಜರು ನಾಳೆ ಪೊಲೀಸರಿಗೆ ಹೇಳ್ತಾನಂತೆ. ಇವರು ನೋಡಿದ್ರೆ ತುಟಿಪಿಟಕ್ ಅಂತಿಲ್ಲ."

"ನಾನು ತಗೊಂಡಿಲ್ಲ ಅಂತಾನೂ ಹೇಳಲ್ವಾ?" ಎಂದರು ಭಾವ.

"ಅಷ್ಟು ಹೇಳಿದ್ರು. ಮತ್ಯಾರು ಅಂದ್ರೆ ಗೋಡೆ ನೋಡ್ತಾರೆ."

ಭಾವ ತಕ್ಷಣ ಚಪ್ಪಲಿ ಹಾಕಿಕೊಂಡರು. ದಂತವೈದ್ಯನೂ ಕ್ಲಿನಿಕ್ಕಿಗೆ ಬೀಗ ಹಾಕಿ ಜೊತೆಗೆ ಹೊರಟ.

ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದ ಜಾಗ ಹಿಂದೆ ಟೈರಿನ ಗೋದಾಮಾಗಿತ್ತು. ಗೋಡೆಗಳಿಗೆಲ್ಲ ಹಳೆಯ ಕಾರ್ಪೆಟ್ ಬಡಿದಿದ್ದರು. ರಬ್ಬರಿನ ವಾಸನೆ ಇನ್ನೂ ಹೋಗಿರಲಿಲ್ಲ. ಮೂಲೆಯಲ್ಲಿದ್ದ ಕಬ್ಬಿಣದ ಬೀರುವಿನ ಬೀಗ ಒಡೆದಿರಲಿಲ್ಲ. ಒಂದು ಬೀಗದಕೈ ಸೌಂಡ್ ಎಂಜಿನಿಯರನ ಹತ್ತಿರ, ಒಂದು ಮ್ಯಾನೇಜರನ ಹತ್ತಿರ, ಇನ್ನೊಂದು ಹಾಡುಗಾರನ ಮನೆಯಲ್ಲಿ. ಮ್ಯಾನೇಜರು ಹಾಡುಗಾರನ ಸ್ವಂತ ತಮ್ಮ.

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು ಸಾರ್" ಎಂದ ಆತ. "ಈ ವರ್ಷದ ಶೋಗಳನ್ನ ಆಲ್ಬಂ ಮಾಡೋಣ ಅಂತಿದ್ವಿ. ಮುಂದಿನ ವಾರ ಹೊರಗಿನಿಂದ ಒಬ್ಬರು ಬಂದು ಒಬ್ಬೊಬ್ಬರ ಮೈಕನ್ನೂ ಬೇರೆ ಬೇರೆಯಾಗಿ ಕೇಳಿ ಹದ ಮಾಡೋರಿದ್ರು. ಅಷ್ಟರಲ್ಲಿ ಹಿಂಗಾಯ್ತು."

"ಹೋಗಿದ್ದೇ ಒಳ್ಳೇದಾಯ್ತು ಬಿಡಿ" ಎಂದು ಡ್ರಮ್ಮಿನವನು ಹಿಂದಿನಿಂದ ಗೊಣಗಿದ. "ನಾನು ತಾಳ ತಪ್ಪಿದ್ದೆಲ್ಲ ಬಿಡಿಬಿಡಿಯಾಗಿ ಕೇಳಿಸಿದ್ರೆ ಮಾನ ಹೋಗ್ತಿತ್ತು."

ದಂತವೈದ್ಯ ಭಾವನ ಕಿವಿಯಲ್ಲಿ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ ನೋಡಿ" ಎಂದ.

"ಹೆಗಲು ನೋವಿದ್ರೂ ಮುಟ್ಕೋತಾರಪ್ಪ" ಎಂದರು ಭಾವ.

ಅವರು ಬೀರು ತೆಗೆಸಿದರು. ಬ್ಯಾಂಡಿಗೆ ಹೆಸರು ತಂದ ಹಳೆಯ ಶೋದ ಡಿಸ್ಕು, ಅಭಿಮಾನಿಗಳು ಕೇಳಿದಷ್ಟು ಕೊಟ್ಟು ಒಯ್ಯುವಂಥದ್ದು, ಎದುರಿಗೇ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ಸೌಂಡ್ ಎಂಜಿನಿಯರ್ ತಂತಿ ಸುತ್ತುತ್ತ ತಲೆತಗ್ಗಿಸಿ ಕೂತಿದ್ದ.

ಹಾಡುಗಾರ ತಲೆ ನರೆತ, ನಗುಮುಖದ ಮನುಷ್ಯ. ಹೆಂಡತಿ ಕೀಬೋರ್ಡ್ ನುಡಿಸುತ್ತ ಅವನಿಗೆ ಹಿಮ್ಮೇಳ ಹಾಡುವವಳು. "ಡಿಸ್ಕನ್ನ ಕೊನೇ ಸಲ ಯಾವಾಗ ನೋಡಿದ್ರಿ?" ಎಂದು ಭಾವ ಕೇಳಿದಾಗ ಅವನು ಬಾಯಿ ತೆರೆದು ಹೆಂಡತಿಯ ಕಡೆ ನೋಡಿದ.

"ಹೋದ ಶೋ ಆದಮೇಲೆ, ಅಲ್ವಾ" ಎಂದಳು ಅವಳು.

"ಹೌದು, ಹೋದ ಶೋ ಆದಮೇಲೆ."

"ಬೀಗದಕೈ ಮನೇಲಿ ಎಲ್ಲಿರುತ್ತೆ?"

"ಅಡುಗೆಮನೆ ಬಾಗಿಲ ಹಿಂದೆ" ಎಂದಳು.

"ಬಾಗಿಲ ಹಿಂದೆ" ಎಂದ ಅವನು. ತನ್ನ ಮನೆಯಲ್ಲೂ ಮಾತು ಮುಗಿಸಲು ಬಿಡುವವರಿಲ್ಲವೆಂದು ನೆನೆದು ದಂತವೈದ್ಯನಿಗೆ ಅವನ ಮೇಲೆ ಮರುಕ ಹುಟ್ಟಿತು.

ಹೊರಡುವಾಗ ಭಾವ ಹಳೆಯ ಶೋದ ಒಂದು ಹಾಡನ್ನು ಕೇಳಿ ಪಡೆದರು. ಹೋದ ಶೋದಲ್ಲಿ ದಂತವೈದ್ಯ ಮುಂದಿನ ಸಾಲಿನಲ್ಲಿ, ವೇದಿಕೆಗೆ ಅಂಟಿಕೊಂಡೇ ನಿಂತು, ಅದೇ ಹಾಡನ್ನು ಫೋನಿನಲ್ಲಿ ಹಿಡಿದಿದ್ದ. ಮಹಡಿಯ ಮೇಲೆ ಎರಡನ್ನೂ ಹಾಕಿ ಕೇಳಿದರು.

"ಮಧ್ಯೆ ಆಡು ಕೂಗಿದ ಹಾಗಿದೆಯಲ್ಲ, ಅದ್ಯಾರೋ?" ಎಂದಳು ಅಕ್ಕ.

"ನಾನೇ ಜೊತೆಗೆ ಹಾಡ್ತಿದ್ದೆ, ಅಕ್ಕ. ಸುಮ್ನಿರು."

"ಆಡನ್ನ ಬಿಟ್ಟು ಏನು ವ್ಯತ್ಯಾಸ ಹೇಳು" ಎಂದರು ಭಾವ.

ದಂತವೈದ್ಯ ಇನ್ನೊಮ್ಮೆ ಕೇಳಿದ. "ಹಳೇದರಲ್ಲಿ ಅವನು ಸಾಲು ಎತ್ತಿಕೊಂಡ ಮೇಲೆ ಅವಳು ಬಂದು ಸೇರ್ಕೋತಾಳೆ. ಹೊಸದರಲ್ಲಿ ಅವಳೇ ಮೊದಲು. ಆತುರ ಜಾಸ್ತಿಯಾಗಿದೆ ಆಕೆಗೆ."

ಭಾವ ಹೊಸದನ್ನು ಇನ್ನೊಮ್ಮೆ ಹಾಕಿ ಕೇಳಿದರು. ಆಮೇಲೆ, "ಈ ಕೇಸು ನಮಗೆ ಬರಬಾರದಿತ್ತು" ಎಂದರು.

ಮರುದಿನ ಬೆಳಿಗ್ಗೆ ಗೋದಾಮಿನಲ್ಲಿ ಎಲ್ಲರೂ ಸೇರಿದರು. ಸೌಂಡ್ ಎಂಜಿನಿಯರನ ಹೆಂಡತಿ ಗಂಡನ ತೋಳು ಹಿಡಿದು ಕೂತಿದ್ದಳು.

"ಒಬ್ಬರ ಮಾನ ಉಳಿಸೋಕೆ ಇನ್ನೊಬ್ಬರ ಗುಟ್ಟು ಬಿಚ್ಚಬೇಕಾಗಿದೆ. ಅದಕ್ಕೆ ಮೊದಲೇ ಕ್ಷಮೆ ಕೇಳ್ತೀನಿ" ಎಂದರು ಭಾವ. "ಮಾರೋ ಕಳ್ಳ ಬೆಲೆಬಾಳೋದನ್ನ ಬಿಟ್ಟು ಹೋಗಲ್ಲ. ಹಾಗಾಗಿ ಇದು ದುಡ್ಡಿನ ಕಳ್ಳತನ ಅಲ್ಲ. ಹೊರಗಿನವರು ಒಂದೊಂದೇ ಮೈಕನ್ನ ಕೇಳೋ ಮೊದಲು ಡಿಸ್ಕು ಹೋಯ್ತು, ಅಂದ್ರೆ ಯಾರದೋ ಮೈಕಿನಲ್ಲಿ ಬೇರೆಯವರು ಕೇಳಬಾರದ್ದು ಏನೋ ಇತ್ತು. ಡ್ರಮ್ಮಿನವರು ತಮ್ಮ ತಪ್ಪನ್ನ ಎಲ್ಲರ ಮುಂದೆ ಆಡಿಕೊಂಡ್ರು, ಮುಚ್ಚಿಡೋರು ಹಾಗೆ ಮಾಡಲ್ಲ. ಮೇಲಾಗಿ ಅವರ ಹತ್ರ ಬೀಗದಕೈಯೂ ಇಲ್ಲ. ಮ್ಯಾನೇಜರಿಗೆ ಆಲ್ಬಂ ಬೇಕೇ ಬೇಕು. ಇನ್ನು ಇವರು," ಎಂದು ಸೌಂಡ್ ಎಂಜಿನಿಯರನತ್ತ ತಿರುಗಿದರು, "ಹೆಡ್‌ಫೋನ್ ಹಾಕ್ಕೊಂಡು ಎಲ್ಲ ಮೈಕನ್ನೂ ಕೇಳೋರು. ಕಳ್ಳತನ ಹೊರಿಸಿದ್ರೂ ಬಾಯಿ ಬಿಡಲಿಲ್ಲ ಅಂದ್ರೆ, ಗೊತ್ತಿದ್ದೂ ಯಾರನ್ನೋ ಕಾಪಾಡ್ತಿದ್ದಾರೆ. ಉಳಿದಿದ್ದು ಮೂರನೇ ಬೀಗದಕೈ. ಹಿಮ್ಮೇಳ ಅಂದ್ರೆ ಹಿಂದಿನಿಂದ ಬರಬೇಕು. ಈ ವರ್ಷ ಅದು ಮುಂದೆ ಬರ್ತಿದೆ. ನಿನ್ನೆ ನಾನು ಕೇಳಿದ ಪ್ರಶ್ನೆಗಳಿಗೆ ಉತ್ತರ ಬಂದದ್ದೂ ಹಾಗೇ. ಒಬ್ಬರು ಹೇಳಿಕೊಡ್ತಿದ್ದಾರೆ, ಇನ್ನೊಬ್ಬರು..."

"ಸಾಕು" ಎಂದಳು ಹಾಡುಗಾರನ ಹೆಂಡತಿ.

ಅವಳು ಕೀಬೋರ್ಡಿನ ಪೆಟ್ಟಿಗೆ ತೆರೆದು, ಒಳಗಿನ ಬಟ್ಟೆಯ ಅಡಿಯಿಂದ ಡಿಸ್ಕನ್ನು ತೆಗೆದಳು. "ಇವರಿಗೆ ಸಾಲುಗಳು ಮರೀತಿವೆ. ಮೊದಮೊದಲು ಒಂದೊಂದು, ಈಗ ಎಲ್ಲ ಹಾಡಲ್ಲೂ. ನನ್ನ ಮೈಕು ಬೇರೆ ಮಾಡಿ ಕೇಳಿದ್ರೆ ಜಗತ್ತಿಗೇ ಗೊತ್ತಾಗ್ತಿತ್ತು." ಸೌಂಡ್ ಎಂಜಿನಿಯರನ ಹೆಂಡತಿಯ ಕಡೆ ತಿರುಗಿದಳು. "ಅಪವಾದ ನಿಮ್ಮ ಮನೆಯವರ ಮೇಲೆ ಬಂದಾಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ ಕಣಮ್ಮ."

"ಅಳಿಸಿಬಿಟ್ರಾ ಅತ್ತಿಗೆ?" ಎಂದು ಮೈದುನ ಮೆಲ್ಲಗೆ ಕೇಳಿದ.

"ಅಳಿಸೋಕೆ ಅಂತಲೇ ತಗೊಂಡೆ. ಆಗಲಿಲ್ಲ. ನಾನ್ಯಾರು ಅನ್ನೋದೇ ಇವರಿಗೆ ಮರೆತುಹೋದ ದಿನ ಇದನ್ನ ಹಾಕಿ ಕೇಳಿಸಬೇಕಲ್ಲ."

ಹಾಡುಗಾರ ಎದ್ದು ಬಂದು ಅವಳ ಪಕ್ಕ ನಿಂತ. "ನಂಗೊತ್ತಿಲ್ಲ ಅಂದ್ಕೊಂಡಿದ್ಯಾ? ನಿನ್ನ ತುಟಿ ನೋಡ್ಕೊಂಡೇ ಹಾಡ್ತಿದ್ದೆ. ನೀನು ನೊಂದ್ಕೋತೀಯ ಅಂತ ನಾನೂ ಸುಮ್ನಿದ್ದೆ."

ಮ್ಯಾನೇಜರು ಸೌಂಡ್ ಎಂಜಿನಿಯರನ ಎದುರು ಹೋಗಿ ಕೈಮುಗಿದ. ಆತ ಆ ಕೈಗಳನ್ನು ಹಿಡಿದು ಕೆಳಗಿಳಿಸಿ, ಮೊದಲ ಸಲ ಬಾಯಿ ಬಿಟ್ಟ. "ಪ್ರತಿ ಶೋದಲ್ಲೂ ಕೇಳ್ತಿದ್ದೆ. ಜನಕ್ಕೆ ಗೊತ್ತಾಗದಿರಲಿ ಅಂತ ಸಭೆಗೆ ಕೇಳೋ ಸ್ಪೀಕರಲ್ಲಿ ಹಿಮ್ಮೇಳದ ಮೈಕನ್ನ ಇಳಿಸಿಬಿಡ್ತಿದ್ದೆ. ಮುಂದಿನ ಸಾಲಲ್ಲಿ ನಿಂತೋರಿಗೆ ಮಾತ್ರ ವೇದಿಕೆಯಿಂದ ನೇರ ಕೇಳಿಸಿರಬೇಕು." ಆತುರ ಅಂತ ತಾನು ಅಂದಿದ್ದು ನೆನೆದು ದಂತವೈದ್ಯ ನೆಲ ನೋಡಿದ.

ಹಾಡುಗಾರ ಗಿಟಾರ್ ಎತ್ತಿಕೊಂಡ. "ಎಲ್ಲರೂ ಬಂದಿದ್ದೀರಿ. ಒಂದು ಹಾಡೋಣ. ರೆಕಾರ್ಡ್ ಹಾಕು ಮಾರಾಯ, ಇದನ್ನೂ ಬಿಡಬೇಡ."

ಸೌಂಡ್ ಎಂಜಿನಿಯರ್ ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿದ. ಹಾಡುಗಾರನ ಹೆಂಡತಿ ಮೈಕಿನ ಹತ್ತಿರ ಬಂದು, ಗಂಡನ ಮುಖ ನೋಡುತ್ತ, ಬಾಯಿ ತುಂಬ ಮೊದಲ ಸಾಲನ್ನು ಎತ್ತಿಕೊಂಡಳು. ಅವನು ಅದರ ಹಿಂದೆಯೇ ಸೇರಿಕೊಂಡ.

ಸೌಂಡ್ ಎಂಜಿನಿಯರ್ ಅಭ್ಯಾಸಬಲದಿಂದ ಅವಳ ಮೈಕಿನ ಗುಂಡಿಗೆ ಬೆರಳಿಟ್ಟ. ಇಳಿಸಲಿಲ್ಲ.