ಎರಡು ತಾರೀಕುಗಳ ಸಾಕ್ಷಿ

ಸಂಜೆ ಐದಕ್ಕೆ ಸೂರಜನನ್ನು ಪೊಲೀಸರಿಗೆ ಒಪ್ಪಿಸುವುದೆಂದು ತೀರ್ಮಾನವಾದಾಗ ಗಡಿಯಾರದಲ್ಲಿ ಮೂರೂಕಾಲು.

ಅವನು ಮೂರನೇ ಮಹಡಿಯ ಆಫೀಸಿನಿಂದ ಮೆಟ್ಟಿಲು ಹಾರಿಕೊಂಡು ಇಳಿದು ನೆಟ್ಟಗೆ ಉಗ್ರಾಣಕ್ಕೆ ಬಂದ. ಕೋಡಂಬಾಕ್ಕಂನ ಆ ಹೋಟೆಲಿನಲ್ಲಿ ಯಾರದು ಏನು ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಹೋಗುವುದು ಅಲ್ಲಿಗೇ. ಇಪ್ಪತ್ತಾರು ವರ್ಷದಿಂದ ಅದರ ಬೀಗದಕೈ ವಿನೋದಕ್ಕನ ಸೊಂಟದಲ್ಲಿ. ವಾಸವೂ ಹಿಂದಿನ ಕೋಣೆಯಲ್ಲೇ. ದೇವರಮನೆಯ ಬೆಳ್ಳಿ ದೀಪ ಕಾಣೆಯಾದಾಗ ಪೊಲೀಸರು ಮೂರು ದಿನ ಕಾಫಿ ಕುಡಿದು ಹೋದರು. ವಿನೋದಕ್ಕ ಹುಣಿಸೆಹಣ್ಣು ನೆನೆಯುವಷ್ಟರಲ್ಲಿ ಹುಡುಕಿ ಕೊಟ್ಟರು. ಆ ಪತ್ತೆಯಲ್ಲಿ ಏಣಿ ಹಿಡಿದು, ಟಾರ್ಚ್ ಬಿಟ್ಟವನು ಸೂರಜ. ಈ ಸಲ ಕಳ್ಳನ ಹೆಸರು ಬಿದ್ದದ್ದು ಅವನ ಮೇಲೆಯೇ.

"ಕೂತ್ಕೋ ಮಾರಾಯ. ಅಕ್ಕಿ ಮೂಟೆಗೆ ಒದೀಬೇಡ, ಅದು ನಿನಗೆಂತ ಮಾಡಿದೆ?" ಎಂದರು ವಿನೋದಕ್ಕ.

ಪಕ್ಕದ ಅಡುಗೆಮನೆಯ ಗರಗರ ಸದ್ದಿನಲ್ಲಿ ಅವನು ಎಲ್ಲವನ್ನೂ ಕೂಗಿ ಕೂಗಿ ಹೇಳಬೇಕಾಯಿತು. ಐದೂ ಶಾಖೆಗಳ ಇಮೇಲ್ ಓಡುವುದು ಒಂದೇ ಸರ್ವರಿನಿಂದ, ಅದು ಉಗ್ರಾಣದ ಮಗ್ಗುಲಿನ ಚಿಕ್ಕ ಕೋಣೆಯಲ್ಲಿದೆ, ನೋಡಿಕೊಳ್ಳುವವನು ಸೂರಜ. ಈ ತಿಂಗಳ ಶುರುವಿನಿಂದ ಮಧ್ಯಾಹ್ನ ಎರಡೂವರೆಯಾದರೆ ಮೇಲ್ ಕುಂಟತೊಡಗುತ್ತದೆ, ಐದರ ನಂತರ ಸರಿಹೋಗುತ್ತದೆ. ಎರಡು ಸಾಲಿನ ಪತ್ರ ಹೇಗೋ ಹೋಗುತ್ತದೆ, ಫೋಟೋ ಅಂಟಿಸಿದ್ದು ನಿಂತೇ ಬಿಡುತ್ತದೆ. ನಿನ್ನೆ ಪೆರಂಬೂರಿನ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ನಾಲ್ಕರೊಳಗೆ ಮುಟ್ಟಬೇಕಿದ್ದ ದರಪತ್ರ ನಾಲ್ಕೂ ಇಪ್ಪತ್ತಕ್ಕೆ ಮುಟ್ಟಿತು. ಗುತ್ತಿಗೆ ಬೇರೆ ಹೋಟೆಲಿನ ಪಾಲಾಯಿತು. ಸೂರಜ ಗುಟ್ಟಾಗಿ ಪತ್ರಗಳನ್ನು ಆ ಹೋಟೆಲಿಗೆ ನಕಲು ಮಾಡಿ ಕಳಿಸುತ್ತಿದ್ದಾನೆ, ಅದಕ್ಕೇ ಸರ್ವರ್ ನಿಧಾನ ಎಂದು ಮ್ಯಾನೇಜರ್ ಸಂದೇಶ್ ಹೇಳಿದ. ಗೋಡೆಗೆ ಎರಡು ಡಿಗ್ರಿ ತೂಗುಹಾಕಿದವನ ಮಾತು, ಯಜಮಾನ ವಿಷ್ಣುತೀರ್ಥ ರಾಯರು ನಂಬಿದರು.

"ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಗೆ ಸರ್ವರ್ ಕೊಟ್ಟದ್ದೇ ತಪ್ಪು ಅಂದ ಅಕ್ಕಾ. ಅವನ ಲ್ಯಾಪ್‌ಟಾಪಿಗೆ ವೈರಸ್ ಹತ್ತಿದಾಗ ತೆಗೆದದ್ದು ಯಾರು? ಅವನ ಡಿಗ್ರೀನಾ?"

ವಿನೋದಕ್ಕ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ, ನೀನು ಏನೇನು ನೋಡಿದ್ದೀ ಎಂದು ಕೇಳಿದರು. ಸರ್ವರ್ ಬಿಸಿಯಾಗಿಲ್ಲ, ಜಾಗ ಅರ್ಧಕ್ಕರ್ಧ ಖಾಲಿ. ಮೇಲಿನ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಚುರುಕಾಗೇ ಇವೆ; ಸರ್ವರಿನ ಜೊತೆ ಮಾತ್ರ ತೊದಲುತ್ತವೆ. ನಡುವೆ ಇರುವುದು ಒಂದೇ ನೀಲಿ ಕೇಬಲ್. ಅದರ ಎರಡು ತುದಿಯೂ ಗಟ್ಟಿ.

"ನಡು?"

ನಡುಭಾಗ ಅಡುಗೆಮನೆಯ ಗೋಡೆಗುಂಟ ಹೋಗುತ್ತದೆ. ಆಯುಧಪೂಜೆಗೆ ಹೊಸ ಗ್ರೈಂಡರ್ ಕೂರಿಸಿದಾಗ ಅಲ್ಲಿ ಸ್ಟೀಲ್ ಹಾಳೆ ಹೊಡೆದು ಮುಚ್ಚಿದ್ದಾರೆ. ಅವತ್ತು ಸೂರಜ ರಜೆಯಲ್ಲಿದ್ದ. ಮರುದಿನ ಬಂದರೆ, ನಿನ್ನೆ ಅರ್ಧ ಗಂಟೆ ಮೇಲ್ ನಿಂತಿತ್ತು ಎಂದರು. ಕರೆಂಟ್ ಹೋಗಿತ್ತು ತಂಬಿ ಎಂದು ಸಂದೇಶ್ ಬೆನ್ನು ತಟ್ಟಿದ್ದ.

"ಕರೆಂಟ್ ಹೋಗಿರ್ಲಿಲ್ಲ," ಎಂದರು ವಿನೋದಕ್ಕ. "ಅವತ್ತು ನಾನು ಇಡೀ ದಿನ ಫ್ಯಾನಿನಡಿ ಕೂತು ಹೂ ಕಟ್ಟಿದ್ದೇನೆ. ಮೇಲ್ ಕುಂಟದ ದಿನ ಯಾವುದಾದರೂ ಉಂಟಾ?"

ಸೂರಜ ಫೋನಿನಲ್ಲಿ ಬರೆದಿಟ್ಟ ಪಟ್ಟಿ ತೆಗೆದ. "ಎರಡೇ. ಮೂರನೇ ತಾರೀಕು, ಹದಿನೇಳು."

ಅವರು ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಮೂರರ ಮೇಲೆ ಬೆರಳಿಟ್ಟು, ಹದಿನೇಳಕ್ಕೆ ಜಾರಿಸಿದರು. ಆ ಎರಡೂ ದಿನ ಮಾಧವರಂ ಶಾಖೆಯಿಂದ ಹಿಟ್ಟಿನ ಕ್ಯಾನ್ ಬಂದಿತ್ತಲ್ಲ ಎಂದರು. ತಾನು ಹಿಟ್ಟು ನೋಡುವವನಲ್ಲ ಎಂದು ಸೂರಜ ಸಿಡುಕಿದ. ಹಬ್ಬದ ದಿನ ಕಪ್ಪು ಟೇಪ್ ಬೇಕೆಂದು ಯಾರನ್ನಾದರೂ ಕಳಿಸಿದ್ದೆಯಾ ಎಂದರು. ಅದೂ ಇಲ್ಲ.

"ಹಾಗಾದರೆ ನಡಿ. ಸಂದೇಶನ ಕಂಪ್ಲೇಂಟ್ ತಯಾರಾಗಿದೆಯಾ?"

"ಟೈಪ್ ಮಾಡ್ತಾ ಇದ್ದ."

"ಒಳ್ಳೇದಾಯ್ತು."

ಹೋಗುವ ದಾರಿಯಲ್ಲಿ ಅವರು ಅಡುಗೆಮನೆಗೆ ತಲೆ ಹಾಕಿ ಮುಖ್ಯ ಅಡುಗೆಯವ ತಮ್ಮಯ್ಯನ ಕಿವಿಯಲ್ಲಿ ಏನೋ ಹೇಳಿದರು.

ಮೇಲೆ ಆಫೀಸಿನಲ್ಲಿ ರಾಯರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಗುಮಾಸ್ತರೆಲ್ಲ ತಲೆ ಬಗ್ಗಿಸಿ ಕಿವಿ ಇತ್ತ ಇಟ್ಟಿದ್ದರು. ಕಂಪ್ಲೇಂಟ್ ಸಿದ್ಧವಾಗಿತ್ತು, ಸೂರಜ ಸರ್ವರ್ ಕೋಣೆಗೆ ಹೋಗಿಬರುವ ಹನ್ನೆರಡು ಫೋಟೋ ಅದಕ್ಕೆ ಅಂಟಿತ್ತು. ಅಡುಗೆಯವ ಒಲೆಯ ಹತ್ತಿರ ಇದ್ದದ್ದೇ ಅಪರಾಧ ಅನ್ನುವ ಹಾಗೆ. ಅದನ್ನು ಮೊದಲು ರಾಯರಿಗೂ ಐದೂ ಶಾಖೆಗಳಿಗೂ ಕಳಿಸಬೇಕು, ಆಮೇಲೆ ಠಾಣೆಗೆ.

"ಕಳಿಸಪ್ಪ," ಎಂದರು ವಿನೋದಕ್ಕ. "ನಾವೂ ನೋಡುವ."

ಸಂದೇಶ್ ನಕ್ಕು ಗುಂಡಿ ಒತ್ತಿದ. ಪರದೆಯ ಹಸಿರು ಪಟ್ಟಿ ಕಾಲುಭಾಗಕ್ಕೆ ಬಂದು ನಿಂತಿತು. ಒಂದು ನಿಮಿಷ, ಎರಡು, ಐದು. ನೋಡಿ, ಈಗಲೂ ತಡೆದಿದ್ದಾನೆ ಎಂದ ಸಂದೇಶ್. ಸೂರಜನ ಎರಡೂ ಕೈ ಇತ್ತ ತಿರುಗಿದ್ದ ರಾಯರ ಕಣ್ಣೆದುರಿಗೇ ಇದ್ದವು, ಬಿಗಿದ ಮುಷ್ಟಿಯಲ್ಲಿ.

ವಿನೋದಕ್ಕ ಫೋನ್ ಕಿವಿಗಿಟ್ಟರು. "ತಮ್ಮಯ್ಯ, ಈಗ ನಿಲ್ಲಿಸು."

ಮೂರು ಮಹಡಿ ಕೆಳಗೆ ಏನು ನಿಂತಿತೋ ಇಲ್ಲಿ ಯಾರಿಗೂ ಕೇಳಿಸಲಿಲ್ಲ. ಆದರೆ ಹಸಿರು ಪಟ್ಟಿ ಒಮ್ಮೆಲೇ ಓಡಿತು. ರಾಯರ ಜೇಬಿನಲ್ಲಿ ಫೋನ್ ಟಿಣ್ ಎಂದಿತು.

"ನಿಂತದ್ದು ಗ್ರೈಂಡರ್," ಎಂದರು ವಿನೋದಕ್ಕ. "ನಾಳಿನ ಇಡ್ಲಿಗೆ ರುಬ್ಬುವುದು ಎರಡೂವರೆಯಿಂದ ಐದು. ಮೇಲ್ ಕುಂಟುವುದೂ ಅದೇ ಹೊತ್ತು. ಕುಂಟದ ದಿನ ಮೂರು, ಹದಿನೇಳು. ಎರಡೂ ಏಕಾದಶಿ. ರಾಯರೇ, ಏಕಾದಶಿಗೆ ಇಲ್ಲಿ ರುಬ್ಬಬಾರದು, ಹಿಟ್ಟು ಬೇರೆ ಕಡೆಯಿಂದ ಬರಬೇಕು ಅನ್ನುವುದು ನಿಮ್ಮ ಅಜ್ಜನ ಕಟ್ಟಳೆ. ಪತ್ರ ಕದಿಯುವವನು ಏಕಾದಶಿ ನೋಡಿ ಉಪವಾಸ ಮಾಡ್ತಾನಾ?"

ಅಷ್ಟರಲ್ಲಿ ತಮ್ಮಯ್ಯ ಸ್ಟೀಲ್ ಹಾಳೆ ಬಿಚ್ಚಿ ತೆಗೆದ ಫೋಟೋ ವಿನೋದಕ್ಕನ ಫೋನಿಗೆ ಬಂತು. ನೀಲಿ ಕೇಬಲಿನ ನಡುವೆ ಕಪ್ಪು ಟೇಪಿನ ಗಂಟು. ಅದಕ್ಕೆ ಒತ್ತಿಕೊಂಡೇ ಗ್ರೈಂಡರಿನ ದಪ್ಪ ಕರೆಂಟ್ ವಯರು.

ಮಿಕ್ಕದ್ದನ್ನು ಸೂರಜ ಹೇಳಿದ. ಕೇಬಲಿನೊಳಗೆ ಎಂಟು ಎಳೆ, ಜೋಡಿ ಜೋಡಿಯಾಗಿ ಹೆಣೆದಿರುತ್ತವೆ. ಹೊರಗಿನ ಗಲಾಟೆ ತಡೆಯುವುದು ಆ ಹೆಣಿಗೆ. ಅದನ್ನು ಬಿಚ್ಚಿ ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದರೆ, ಮೋಟಾರ್ ತಿರುಗಿದಾಗಲೆಲ್ಲ ಪತ್ರದ ಚೂರುಗಳು ಕೆಡುತ್ತವೆ, ಕೆಟ್ಟದ್ದನ್ನು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಸಣ್ಣ ಪತ್ರ ನುಸುಳಿಕೊಳ್ಳುತ್ತದೆ, ದೊಡ್ಡದು ಸಿಕ್ಕಿಬೀಳುತ್ತದೆ.

"ಇದನ್ನು ಸುತ್ತಿದ್ದು ಯಾರು?" ರಾಯರು ಕೇಳಿದರು.

"ಹಬ್ಬದ ದಿನ ಉಗ್ರಾಣದಿಂದ ಹೋದದ್ದು ಒಂದೇ ಟೇಪ್. ತೋರಣ ಕಟ್ಟಲಿಕ್ಕೆ ಅಂತ ಸಂದೇಶ್ ತೆಗೊಂಡು ಹೋದ. ತೋರಣ ಕಟ್ಟಿದವಳು ನಾನು, ಬಾಳೆನಾರಿನಲ್ಲಿ."

ಗೋಡೆ ಕೊರೆಯುವಾಗ ಕೇಬಲ್ ತುಂಡಾಯಿತು, ಪೂಜೆಗೆ ಹೊತ್ತಾಗುತ್ತಿತ್ತು, ಕೊರೆಯುವವನ ಕೈಯಲ್ಲೇ ಸುತ್ತಿಸಿದೆ ಎಂದ ಸಂದೇಶ್. ಮೇಲ್ ಕುಂಟುವುದು ಅದಕ್ಕೇ ಇರಬಹುದೆಂದು ಗೊತ್ತಿತ್ತೇ ಎಂದು ರಾಯರು ಕೇಳಿದಾಗ ಅವನು ಗೋಡೆಯ ಡಿಗ್ರಿಗಳ ಕಡೆ ನೋಡಿದ.

"ನನಗೊಂದು ಫೋನ್ ಮಾಡಿದ್ದರೆ ಸಾಕಿತ್ತು," ಎಂದ ಸೂರಜ. "ಒಂಬತ್ತನೇ ಕ್ಲಾಸಿನವನನ್ನು ಕೇಳಲಿಕ್ಕೆ ನಾಚಿಕೆ. ಜೈಲಿಗೆ ಕಳಿಸಲಿಕ್ಕೆ ನಾಚಿಕೆ ಇಲ್ಲ."

ರಾಯರು ಫೋನ್ ತೆಗೆದು ಆ ಪತ್ರವನ್ನು ಅಳಿಸಲು ಹೋದರು. ಸೂರಜ ಅಡ್ಡ ಬಂದ.

"ಅಳಿಸಬೇಡಿ ರಾಯರೇ. ಐದೂ ಶಾಖೆಯವರು ನನ್ನನ್ನು ಕಳ್ಳ ಅಂತ ಓದಿಯಾಯ್ತು. ಉತ್ತರವನ್ನೂ ಓದಲಿ. ಇವರೇ ಬರೀಲಿ."

ರಾಯರು ಲ್ಯಾಪ್‌ಟಾಪನ್ನು ಸಂದೇಶನ ಕಡೆ ತಳ್ಳಿದರು. ಸಂದೇಶ್ ಒಂದು ಸಾಲು ಬರೆದ, ಅಳಿಸಿದ, ಮತ್ತೆ ಬರೆದ. ವಿನೋದಕ್ಕನ ಫೋನಿನಲ್ಲಿ ತಮ್ಮಯ್ಯ ಗೊಣಗಿದ, ಅಕ್ಕಿ ಅರ್ಧ ಅರೆದು ಹಾಗೇ ಕೂತಿದೆ ಎಂದು.

"ಕೂರಲಿ ಬಿಡು," ಎಂದರು ಅವರು. "ಇಲ್ಲಿ ಇನ್ನೂ ಹೆಸರು ಬರೆದಾಗಿಲ್ಲ."

ಸಂದೇಶ್ ತನ್ನ ಹೆಸರು ಬರೆದ. ಸೂರಜ ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಅಕ್ಷರ ಓದಿದ. ಆಮೇಲೆ ಕಳಿಸುವ ಗುಂಡಿಯನ್ನು ತಾನೇ ಒತ್ತಿದ.